ಅಮೆರಿಕದ ವಸ್ತುಸಂಗ್ರಹಾಲಯಗಳ ದೂರಪಾಠಗಳು: ಪೌರನೀತಿಯ ಬೋಧನೆಯಲ್ಲಿ ಮೂಲವೂ ವ್ಯಾಖ್ಯಾನವೂ

ವಸ್ತುಸಂಗ್ರಹಾಲಯವೆಂದರೆ ಹಳೆಯ ಪದಾರ್ಥಗಳನ್ನು ಧೂಳು ತಾಗದಂತೆ ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಕಾಯುವ ಮನೆಯೆಂಬುದು ಸಾಮಾನ್ಯವಾದ ಭಾವನೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಸಂಸ್ಥೆಯು ಹುಟ್ಟಿದಂದಿನಿಂದಲೇ ಮತ್ತೊಂದು ಹೊಣೆಯನ್ನೂ ಹೊತ್ತು ಬಂದಿದೆ. ಚಿತ್ರಕಾರನಾದ ಚಾರ್ಲ್ಸ್ ವಿಲ್ಸನ್ ಪೀಲ್ ಎಂಬಾತನು ೧೭೮೬ರಲ್ಲಿ ಫಿಲಡೆಲ್ಫಿಯ ನಗರದ ತನ್ನ ಮನೆಯಲ್ಲಿಯೇ ಒಂದು ಸಂಗ್ರಹಾಲಯವನ್ನು ತೆರೆದನು. ೧೮೦೨ರಲ್ಲಿ ಅದು ಅದೇ ಊರಿನ ರಾಜ್ಯಭವನದ ಮೇಲಂತಸ್ತಿಗೆ ಬಂದಿತು. ಪಕ್ಷಿಗಳೂ ಮೃಗಗಳೂ ತುಂಬಿದ ಪೆಟ್ಟಿಗೆಗಳ ಮೇಲ್ಗಡೆ ಗೋಡೆಯುದ್ದಕ್ಕೂ ಸ್ವಾತಂತ್ರ್ಯಸಮರದ ನಾಯಕರ ಚಿತ್ರಗಳನ್ನು ಆತನು ಸಾಲಾಗಿ ತೂಗಹಾಕಿದ್ದನು. ಆ ಭವನದ ಕೆಳಗಣ ಹಜಾರದಲ್ಲಿಯೇ ೧೭೭೬ರಲ್ಲಿ ಸ್ವಾತಂತ್ರ್ಯ ಘೋಷಣೆಯೂ ೧೭೮೭ರಲ್ಲಿ ಸಂವಿಧಾನವೂ ಅಂಗೀಕೃತವಾಗಿದ್ದುವು. ರಾಜನಿಲ್ಲದ ರಾಜ್ಯವೊಂದು ನಿಲ್ಲಬೇಕಾದರೆ ಅದರ ಜನರು ತಿಳಿದವರಾಗಿರಬೇಕು, ತಿಳಿವಿಗೆ ಕಣ್ಣೆದುರಿನ ವಸ್ತುವೇ ಒಳ್ಳೆಯ ಸಾಧನವೆಂಬುದು ಪೀಲನ ನಂಬಿಕೆ. ಮುಂದೆ ಜೇಮ್ಸ್ ಸ್ಮಿಥ್ಸನ್ ಎಂಬ ಆಂಗ್ಲ ವಿಜ್ಞಾನಿಯು ತಾನು ಎಂದೂ ಕಾಲಿಡದ ಆ ದೇಶಕ್ಕೆ ತನ್ನ ಆಸ್ತಿಯನ್ನು ಬರೆದಿಟ್ಟುದರಿಂದ ೧೮೪೬ರಲ್ಲಿ ಸ್ಮಿಥ್ಸೋನಿಯನ್ ಸಂಸ್ಥೆಯು ಸ್ಥಾಪಿತವಾಯಿತು. ಅದರ ಅಮೆರಿಕನ್ ಇತಿಹಾಸ ಸಂಗ್ರಹಾಲಯವು ವಾಷಿಂಗ್‌ಟನ್ನಿನಲ್ಲಿ ೧೯೬೪ರಲ್ಲಿ ತೆರೆಯಿತು.

ಈ ಸಂಸ್ಥೆಗಳು ಈಚಿನ ದಶಕಗಳಲ್ಲಿ ತಮ್ಮ ಬಾಗಿಲಿನ ಹೊರಗಿರುವ ವಿದ್ಯಾರ್ಥಿಗಳಿಗೆ ಅಂತರ್ಜಾಲದ ಮೂಲಕ ಇತಿಹಾಸವನ್ನೂ ಪೌರನೀತಿಯನ್ನೂ ಕಲಿಸಲು ತೊಡಗಿವೆ. ಕಾಂಗ್ರೆಸ್ ಗ್ರಂಥಾಲಯವು ೧೯೯೦ರಿಂದ ೧೯೯೪ರವರೆಗೆ ತನ್ನ ಪತ್ರಗಳ ಹಾಗೂ ಚಿತ್ರಗಳ ಪ್ರತಿಗಳನ್ನು ಮುದ್ರಿಕೆಗಳಲ್ಲಿ ತುಂಬಿ ೪೪ ಶಾಲೆಗಳಿಗೂ ಗ್ರಂಥಾಲಯಗಳಿಗೂ ಪ್ರಯೋಗಾರ್ಥವಾಗಿ ಕಳುಹಿಸಿದುದು ಇದಕ್ಕೆ ನಾಂದಿ. ಆ ಬಳಿಕ ಅಂತರ್ಜಾಲವೇ ಆ ಕೆಲಸವನ್ನು ವಹಿಸಿಕೊಂಡಿತು. ಸ್ಮಿಥ್ಸೋನಿಯನ್ ಇತಿಹಾಸ ಸಂಗ್ರಹಾಲಯದ ‘ಹಿಸ್ಟರಿ ಎಕ್ಸ್‌ಪ್ಲೋರರ್’ ೨೦೦೮ರಲ್ಲಿಯೂ, ರಾಷ್ಟ್ರೀಯ ದಫ್ತರಖಾನೆಯ ‘ಡಾಕ್ಸ್‌ಟೀಚ್’ ೨೦೧೦ರಲ್ಲಿಯೂ, ಸ್ಮಿಥ್ಸೋನಿಯನ್ ಸಂಸ್ಥೆಯ ಎಲ್ಲ ಸಂಗ್ರಹಗಳಿಗೂ ಸೇರಿದ ‘ಲರ್ನಿಂಗ್ ಲ್ಯಾಬ್’ ೨೦೧೬ರಲ್ಲಿಯೂ ಆರಂಭವಾದುವು. ೨೦೨೦ರ ಮಾರ್ಚಿ ತಿಂಗಳಿನಲ್ಲಿ ಮಹಾಮಾರಿಯ ದೆಸೆಯಿಂದ ಸಂಗ್ರಹಾಲಯಗಳೂ ಶಾಲೆಗಳೂ ಏಕಕಾಲದಲ್ಲಿ ಮುಚ್ಚಿದಾಗ, ಅದುವರೆಗೆ ಪುರವಣಿಯಂತಿದ್ದ ಈ ಪಾಠಗಳು ಹಲವು ಮಕ್ಕಳಿಗೆ ಮುಖ್ಯಪಾಠಗಳೇ ಆದುವು.

ಅಗತ್ಯವೇನೋ ದೊಡ್ಡದೇ. ಆ ದೇಶದಲ್ಲಿ ವಿದ್ಯಾಭ್ಯಾಸವು ಆಯಾ ಸಂಸ್ಥಾನಗಳ ಮತ್ತು ಊರುಗಳ ಅಧಿಕಾರಕ್ಕೆ ಒಳಪಟ್ಟಿರುವುದರಿಂದ ಇತಿಹಾಸಕ್ಕಾಗಲಿ ಪೌರನೀತಿಗಾಗಲಿ ದೇಶಕ್ಕೆಲ್ಲ ಒಂದೇ ಪಠ್ಯಕ್ರಮವೆಂಬುದಿಲ್ಲ. ೨೦೨೨ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ನಡೆದ ರಾಷ್ಟ್ರೀಯ ಪರೀಕ್ಷಣದಲ್ಲಿ ಅಮೆರಿಕದ ಇತಿಹಾಸದಲ್ಲಿ ಪ್ರವೀಣರೆನಿಸಿದವರು ನೂರಕ್ಕೆ ೧೩ ಮಂದಿ. ಪೌರನೀತಿಯಲ್ಲಿ ೨೨ ಮಂದಿ. ಆ ಪರೀಕ್ಷಣದಲ್ಲಿ ‘ಪ್ರವೀಣ’ ಎಂಬುದು ಬರಿಯ ತೇರ್ಗಡೆಗಿಂತ ಎತ್ತರದ ಮಟ್ಟವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಈ ಅಂಕಗಳನ್ನು ಓದಬೇಕು. ಹಾಗೆ ಓದಿದರೂ, ಇತಿಹಾಸದಲ್ಲಿ ಮೂಲಮಟ್ಟಕ್ಕೂ ಕೆಳಗೆ ಉಳಿದವರು ನೂರಕ್ಕೆ ೪೦ ಮಂದಿ ಎಂಬುದನ್ನು ಲಘುವಾಗಿ ಕಾಣುವಂತಿಲ್ಲ.

ಆದರೆ ದೂರಪಾಠಗಳ ಬೆಲೆಯು ಅವು ಎಷ್ಟು ಮಕ್ಕಳನ್ನು ಮುಟ್ಟಿದುವೆಂಬ ಲೆಕ್ಕದಿಂದ ತಿಳಿಯತಕ್ಕುದಲ್ಲ. ವಸ್ತುವಿನ ಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿ ಕೆಳಗೆ ನಾಲ್ಕು ಸಾಲು ಬರೆದುದರಿಂದ ಪೌರನೀತಿಯು ಬಂದುಬಿಡುವುದಿಲ್ಲ. ಪಠ್ಯಪುಸ್ತಕವೂ ಅಷ್ಟನ್ನು ಮಾಡುತ್ತಿದ್ದಿತು. ಸಾಹಿತ್ಯವನ್ನು ಬೋಧಿಸುವವರು ಒಂದು ಗ್ರಂಥದಲ್ಲಿ ಮೂಲವನ್ನೂ ಟೀಕೆಯನ್ನೂ ಬೇರೆ ಬೇರೆಯಾಗಿ ಕಾಣಲು ಹೇಗೆ ಕಲಿಸುವರೋ, ಹಾಗೆ ಈ ಪಾಠಗಳಲ್ಲಿ ಒಳ್ಳೆಯವು ಪತ್ರವನ್ನೂ ಅದರ ಮೇಲಣ ಮಾತನ್ನೂ ಬಿಡಿಸಿ ತೋರಿಸುತ್ತವೆ. ಪಾಠಶೋಧನ, ಪದವಿಚಾರ, ಭಾಷ್ಯ ಎಂಬ ಹಳೆಯ ವಿದ್ಯೆಗಳೇ ಇಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳ ಕೈಗೆ ಬರುತ್ತವೆ. ಕೆಲವು ನಿದರ್ಶನಗಳಿಂದ ಇದು ಸ್ಪಷ್ಟವಾದೀತು.

ಮೊದಲನೆಯದು ಸ್ವಾತಂತ್ರ್ಯ ಘೋಷಣೆಯ ಕರಡು. ೧೭೭೬ರ ಜೂನ್ ತಿಂಗಳಿನಲ್ಲಿ ಐವರ ಸಮಿತಿಯೊಂದು ಈ ಕೆಲಸಕ್ಕಾಗಿ ನೇಮಕವಾಗಿ, ಬರೆಯುವ ಭಾರವು ಥಾಮಸ್ ಜೆಫರ್ಸನ್ನನ ಪಾಲಿಗೆ ಬಂದಿತು. ಆತನ ಕರಡಿನ ಹಾಳೆಗಳು ಕಾಂಗ್ರೆಸ್ ಗ್ರಂಥಾಲಯದಲ್ಲಿವೆ. ಜಾನ್ ಆಡಮ್ಸ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ತಿದ್ದುಪಡಿಗಳೂ ಜೆಫರ್ಸನ್ನನೇ ಹೊಡೆದುಹಾಕಿ ಮೇಲೆ ಬರೆದ ಮಾತುಗಳೂ ಅವುಗಳಲ್ಲಿ ಸೇರಿಕೊಂಡಿರುವುದರಿಂದ, ಓಲೆಗರಿಗಳನ್ನು ಓದಿ ಬಲ್ಲವರಿಗೆ ಅವುಗಳ ನೋಟವು ಅಪರಿಚಿತವೆನಿಸದು. ಸಾಮಾನ್ಯವಾಗಿ ಜೆಫರ್ಸನ್ನನು ಬೇಡದ ಮಾತಿನ ಮೇಲೆ ಗೆರೆಯೆಳೆದು ಪಕ್ಕದಲ್ಲಿಯೋ ಮೇಲೆಯೋ ಹೊಸ ಮಾತನ್ನು ಬರೆಯುವನು. ಒಂದು ಕಡೆ ಮಾತ್ರ ಆತನು ಹಾಗೆ ಮಾಡದೆ, ಮಸಿಯು ಹಸಿಯಾಗಿದ್ದಾಗಲೇ ಮಾತನ್ನು ಒರಸಿ, ಆ ಕಲೆಯ ಮೇಲೆಯೇ ಬೇರೊಂದನ್ನು ಬರೆದಿದ್ದನು. ಮೇಲಣ ಮಾತು ‘ಸಿಟಿಜನ್ಸ್’ ಎಂಬುದು. ಕೆಳಗಿನದು ಬರಿಗಣ್ಣಿಗೆ ಓದಲು ಬರುತ್ತಿರಲಿಲ್ಲ. ಬೇರೆ ಬೇರೆ ಬಣ್ಣದ ಬೆಳಕುಗಳಲ್ಲಿ, ಕಣ್ಣಿಗೆ ಕಾಣದ ಕಿರಣಗಳಲ್ಲಿಯೂ ಕೂಡ, ಆ ಪತ್ರದ ಛಾಯಾಚಿತ್ರಗಳನ್ನು ತೆಗೆದು ಒಂದರೊಡನೊಂದನ್ನು ಹೋಲಿಸಿ ನೋಡಲಾಗಿ, ಒರಸಿಹೋದ ಮಾತು ‘ಸಬ್ಜೆಕ್ಟ್ಸ್’ ಎಂದು ಸಿದ್ಧವಾಯಿತು. ಗ್ರಂಥಾಲಯವು ಇದನ್ನು ೨೦೧೦ರ ಜುಲೈ ತಿಂಗಳಿನಲ್ಲಿ ಪ್ರಕಟಿಸಿತು.

ಕನ್ನಡದಲ್ಲಿ ಈ ಎರಡು ಮಾತುಗಳ ಅಂತರವನ್ನು ಹೇಳುವುದೇ ಒಂದು ಸಮಸ್ಯೆ. ಮೊದಲನೆಯದು ಅರಸನಿಗೆ ಅಧೀನನಾದವನನ್ನು ಸೂಚಿಸುತ್ತದೆ. ಎರಡನೆಯದು ರಾಜ್ಯದಲ್ಲಿ ಪಾಲುಳ್ಳವನನ್ನು. ನಮ್ಮ ‘ಪ್ರಜೆ’ ಎಂಬ ಶಬ್ದಕ್ಕೆ ಸಂತತಿ ಎಂಬ ಅರ್ಥವೂ ಉಂಟು. ಅರಸನು ತಂದೆ, ಜನರು ಮಕ್ಕಳೆಂಬ ಭಾವನೆ ಅದರೊಳಗೆ ಅಡಗಿದೆ. ಅದೇ ಶಬ್ದವು ಈಗ ‘ಪ್ರಜಾಪ್ರಭುತ್ವ’ದಲ್ಲಿ ಕುಳಿತು ಪ್ರಭುವಾಗಿದೆ. ಜೆಫರ್ಸನ್ನನು ಒರಸಿ ಬರೆಯಬೇಕಾಗಿ ಬಂದುದನ್ನು ಕನ್ನಡವು ಒರಸದೆಯೇ ಅರ್ಥಾಂತರದಿಂದ ಸಾಧಿಸಿಕೊಂಡಿತೆನ್ನಬಹುದು. ಆದರೆ ಅದರಿಂದ ಹಳೆಯ ಅರ್ಥವೂ ಹೊಸದರ ಅಡಿಯಲ್ಲಿ ಉಳಿದುಬಂದಿದೆ. ‘ಪೌರ’ ಶಬ್ದವು ಪುರವಾಸಿಯಿಂದ ಹೊರಟು ಈ ಅರ್ಥಕ್ಕೆ ಬಂದುದು ಇಂಗ್ಲಿಷಿನ ಮಾತಿನ ದಾರಿಯಂತೆಯೇ ಇರುವುದರಿಂದ, ಈ ಲೇಖನದಲ್ಲಿ ‘ಪ್ರಜೆ’ಯೆಂದರೆ ಅಧೀನನು, ‘ಪೌರ’ನೆಂದರೆ ಅಧಿಕಾರದಲ್ಲಿ ಪಾಲುಗಾರನು ಎಂದು ಇಟ್ಟುಕೊಳ್ಳಬಹುದು.

ತರಗತಿಯಲ್ಲಿ ಈ ಪತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವ ವಿದ್ಯಾರ್ಥಿಗೆ ದೊರೆಯುವ ಪಾಠವು ಪುಸ್ತಕದಲ್ಲಿ ದೊರೆಯುವಂತಹುದಲ್ಲ. ಪೌರನೆಂಬ ಮಾತು ಹುಟ್ಟಿನಿಂದ ಬಂದುದಲ್ಲ, ಒಬ್ಬ ಮನುಷ್ಯನು ತನ್ನ ಹಳೆಯ ಅಭ್ಯಾಸದ ಮಾತನ್ನು ಬರೆದು, ತಡೆದು, ಒರಸಿ ಅದನ್ನು ಹುಡುಕಿಕೊಂಡನೆಂಬುದು ಆ ಕಲೆಯಿಂದ ಕಾಣುತ್ತದೆ. ಆದರೆ ಇಲ್ಲಿಯೇ ಉಪಾಧ್ಯಾಯನು ಎಚ್ಚರವಾಗಿರತಕ್ಕುದು. ಈ ಶೋಧದ ವೃತ್ತಾಂತವನ್ನು ಒಂದು ಜನಾಂಗವು ಆ ಕ್ಷಣದಲ್ಲಿ ಪ್ರಜಾಭಾವದಿಂದ ಪೌರಭಾವಕ್ಕೆ ಏರಿತೆಂಬ ಕಥೆಯಾಗಿ ಹೇಳುವುದು ಸುಲಭ. ಆ ಮಾತಿರುವ ವಾಕ್ಯವು ಅರಸನ ಮೇಲಣ ಆಪಾದನೆಗಳ ಪಟ್ಟಿಯಲ್ಲಿದ್ದುದು. ಅಂಗೀಕೃತವಾದ ಘೋಷಣೆಯಲ್ಲಿ ಆ ವಾಕ್ಯವೇ ಉಳಿಯಲಿಲ್ಲ. ಅದೇ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಕಟುವಾಗಿ ನಿಂದಿಸುವ ದೀರ್ಘವಾದ ಭಾಗವೊಂದು ಇದ್ದಿತು; ಅದನ್ನು ಕಾಂಗ್ರೆಸ್ ಸಭೆಯು ತೆಗೆದುಹಾಕಿತು. ಬರೆದ ಜೆಫರ್ಸನ್ನನೇ ತನ್ನ ಆಯುಷ್ಯದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನು. ಒರಸಿದ ಒಂದು ಮಾತನ್ನು ತೋರಿಸಿ, ಹೊಡೆದುಹಾಕಿದ ಒಂದು ಭಾಗವನ್ನು ತೋರಿಸದಿದ್ದರೆ ಪಾಠಶೋಧನವು ಅರ್ಧವಾಯಿತೆಂದೇ ಹೇಳಬೇಕು. ಒಳ್ಳೆಯ ಪಾಠವು ಎರಡನ್ನೂ ಒಂದೇ ಪುಟದಲ್ಲಿ ಓದಿಸುವುದು. ಮೂಲಪತ್ರವು ಪೂರ್ಣವಾಗಿ ಕೈಗೆ ಸಿಕ್ಕಿರುವುದರಿಂದ ಅದಕ್ಕೆ ತಡೆಯೂ ಇಲ್ಲ.

ಈ ಪೌರ ಶಬ್ದವು ಆ ದೇಶದ ಚರಿತ್ರೆಯಲ್ಲಿ ಮುಂದೆ ಎಲ್ಲೆಲ್ಲಿ ತೊಡರಿತೆಂಬುದನ್ನು ಹಿಂಬಾಲಿಸುವುದೇ ಪೌರನೀತಿಯ ಒಂದು ದೊಡ್ಡ ಭಾಗ. ೧೮೫೭ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಫ್ರಿಕ ಮೂಲದವರು ಪೌರರಾಗಲಾರರೆಂದು ತೀರ್ಪಿತ್ತಿತು. ಅಂತರ್ಯುದ್ಧವು ಮುಗಿದ ಮೇಲೆ, ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯು ಆ ದೇಶದಲ್ಲಿ ಹುಟ್ಟಿ ಅದರ ಶಾಸನಾಧಿಕಾರಕ್ಕೆ ಒಳಪಟ್ಟವರೆಲ್ಲರೂ ಪೌರರೆಂದು ಬರೆದಿಟ್ಟಿತು. ಹಾಗೆ ಬರೆದಿಟ್ಟ ಶಬ್ದವನ್ನು ಒರಸದೆಯೇ ಮರೆಮಾಡಬಹುದೆಂಬುದಕ್ಕೆ ಎರಡನೆಯ ನಿದರ್ಶನವು ಸಾಕ್ಷಿಯಾಗಿದೆ.

ಜಪಾನಿನೊಡನೆ ಯುದ್ಧವು ಆರಂಭವಾದ ಮೇಲೆ, ೧೯೪೨ರ ಫೆಬ್ರವರಿ ೧೯ರಂದು ಅಧ್ಯಕ್ಷ ರೂಸ್‌ವೆಲ್ಟನು ೯೦೬೬ನೆಯ ಸಂಖ್ಯೆಯ ಆಜ್ಞೆಗೆ ರುಜುಮಾಡಿದನು. ಸೇನಾಧಿಕಾರಿಗಳು ತಾವು ಗುರುತಿಸಿದ ಪ್ರದೇಶಗಳಿಂದ ಯಾರನ್ನು ಬೇಕಾದರೂ ಹೊರಗಿಡಬಹುದೆಂದು ಆ ಆಜ್ಞೆಯ ತಾತ್ಪರ್ಯ. ಅದರ ಆಧಾರದ ಮೇಲೆ ಪಶ್ಚಿಮ ತೀರದಿಂದ ಸುಮಾರು ೧,೨೦,೦೦೦ ಮಂದಿ ಜಪಾನೀ ಮೂಲದವರನ್ನು ಮನೆಮಠಗಳಿಂದ ಎಬ್ಬಿಸಿ ಒಳನಾಡಿನ ಹತ್ತು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿಯೇ ಹುಟ್ಟಿದ ಪೌರರು. ಸ್ಮಿಥ್ಸೋನಿಯನ್ ಇತಿಹಾಸ ಸಂಗ್ರಹಾಲಯವು ಸಂವಿಧಾನದ ಇನ್ನೂರನೆಯ ವರ್ಷವಾದ ೧೯೮೭ರಲ್ಲಿ, ಉತ್ಸವಕ್ಕೆ ತಕ್ಕ ಹೊಗಳಿಕೆಯ ಪ್ರದರ್ಶನವನ್ನು ಬಿಟ್ಟು, ಈ ವಿಷಯವನ್ನೇ ಎತ್ತಿಕೊಂಡು ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಮುಂದೆ ಅದು ಅಂತರ್ಜಾಲದ ಪಾಠವೂ ಆಯಿತು.

ಇಲ್ಲಿ ವಿದ್ಯಾರ್ಥಿಯ ಮುಂದಿಡತಕ್ಕ ಪತ್ರಗಳು ಎರಡು. ಒಂದು ಅಧ್ಯಕ್ಷನ ಆಜ್ಞೆ. ಅದನ್ನು ಮೊದಲಿನಿಂದ ಕಡೆಯವರೆಗೆ ಓದಿದರೂ ಜಪಾನೀಯರೆಂಬ ಮಾತು ಸಿಕ್ಕುವುದಿಲ್ಲ. ಯಾರನ್ನು ಕುರಿತು ಬರೆದಿದೆಯೋ ಅವರ ಹೆಸರೇ ಇಲ್ಲದ ಪತ್ರವನ್ನು ಓದುವುದು ಹೇಗೆಂಬುದು ಧ್ವನಿಯ ವಿಚಾರ ಬಲ್ಲ ಸಾಹಿತ್ಯೋಪಾಧ್ಯಾಯರಿಗೆ ಹೊಸತಲ್ಲ. ಇನ್ನೊಂದು, ಬೀದಿಬೀದಿಗಳಲ್ಲಿ ಕಂಬಗಳಿಗೂ ಗೋಡೆಗಳಿಗೂ ಅಂಟಿಸಿದ ಸೈನ್ಯದ ಪ್ರಕಟನಪತ್ರ. ಇಲ್ಲಿ ಜಪಾನೀ ಮೂಲದವರೆಂಬ ಮಾತು ದಪ್ಪಕ್ಷರದಲ್ಲಿಯೇ ಉಂಟು. ಹೊರಡಬೇಕಾದವರಾರು? ‘ಪರದೇಶೀಯರು’ ಮತ್ತು ‘ಪರದೇಶೀಯರಲ್ಲದವರು’ ಎಂದು ಪತ್ರವು ಹೇಳುತ್ತದೆ. ಪರದೇಶೀಯರಲ್ಲದವರೆಂದರೆ ಯಾರು? ಪೌರರೇ. ಪೌರರನ್ನು ವಿಚಾರಣೆಯಿಲ್ಲದೆ ಮನೆಯಿಂದ ಹೊರಡಿಸುತ್ತೇವೆಂದು ಬಾಯಿಬಿಟ್ಟು ಹೇಳಲಾಗದೆ, ನಿಷೇಧದ ಒಂದು ಪ್ರತ್ಯಯವನ್ನು ಕಟ್ಟಿ ಆ ಶಬ್ದವನ್ನು ಮುಚ್ಚಿದರು. ಸಾಗಿಸುವುದಕ್ಕೆ ಆ ಪತ್ರಗಳು ಕೊಟ್ಟ ಹೆಸರು ‘ತೆರವು’. ನೆರೆಯೋ ಬೆಂಕಿಯೋ ಬಂದಾಗ ಜನರನ್ನು ಕಾಪಾಡಲು ಬಳಸುವ ಮಾತು ಅದು. ಈ ಪತ್ರದ ಪಕ್ಕದಲ್ಲಿ ಡೊರೊಥಿಯ ಲ್ಯಾಂಗ್ ಎಂಬಾಕೆ ೧೯೪೨ರ ಮಾರ್ಚಿಯಲ್ಲಿ ಓಕ್‌ಲೆಂಡ್ ನಗರದಲ್ಲಿ ತೆಗೆದ ಛಾಯಾಚಿತ್ರವನ್ನು ಇಡುವುದು ವಾಡಿಕೆ. ಅಂಗಡಿಯೊಂದರ ಮುಂದೆ ದೊಡ್ಡ ಫಲಕ. ತಾನು ಅಮೆರಿಕನ್ನನೆಂದು ಅದರಲ್ಲಿ ಅಂಗಡಿಯವನು ಬರೆಸಿದ್ದಾನೆ. ಪರ್ಲ್ ಹಾರ್ಬರಿನ ಮೇಲೆ ದಾಳಿಯಾದ ಮಾರನೆಯ ದಿನವೇ ಆ ಫಲಕವು ಮೇಲೇರಿದ್ದಿತು. ಒಂದು ಕಡೆ ಸರ್ಕಾರವು ಉಚ್ಚರಿಸಲೊಲ್ಲದ ಶಬ್ದ, ಇನ್ನೊಂದು ಕಡೆ ಅದನ್ನೇ ಅಂಗಡಿಯ ಹಣೆಗೆ ಬರೆಸಿದ ಮನುಷ್ಯ. ಇವೆರಡನ್ನು ಎದುರುಬದುರಾಗಿ ಕಂಡ ಹುಡುಗನಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ೧೯೪೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊರೆಮಾತ್ಸು ಮೊಕದ್ದಮೆಯಲ್ಲಿ ಆರು ಮಂದಿಯ ಮತಕ್ಕೆ ಮೂವರ ವಿರೋಧದಿಂದ ಸರ್ಕಾರದ ಪಕ್ಷವನ್ನೇ ಹಿಡಿಯಿತು. ೧೯೮೮ರ ಶಾಸನವು ತಪ್ಪನ್ನು ಒಪ್ಪಿಕೊಂಡು, ಬದುಕಿ ಉಳಿದವರಿಗೆ ತಲೆಗೆ ೨೦,೦೦೦ ಡಾಲರುಗಳ ಪರಿಹಾರವನ್ನು ಕೊಡಿಸಿತು.

ಪದವಿಚಾರದಿಂದ ಭಾಷ್ಯಕ್ಕೆ ಬಂದರೆ, ಫಿಲಡೆಲ್ಫಿಯದ ರಾಷ್ಟ್ರೀಯ ಸಂವಿಧಾನ ಕೇಂದ್ರದ ಪ್ರಯೋಗವು ಎಲ್ಲಕ್ಕಿಂತ ಸ್ವಾರಸ್ಯವಾದುದು. ೨೦೦೩ರ ಜುಲೈ ೪ರಂದು ತೆರೆದ ಈ ಸಂಗ್ರಹಾಲಯದ ಒಂದು ಹಜಾರದಲ್ಲಿ ೧೭೮೭ರ ಪ್ರತಿನಿಧಿಗಳ ಆಳೆತ್ತರದ ಕಂಚಿನ ಪ್ರತಿಮೆಗಳು ೪೨ ಇವೆ. ರುಜುಮಾಡಿದವರು ೩೯ ಮಂದಿ. ಉಳಿದ ಮೂವರು ಕಡೆಯವರೆಗೂ ಕುಳಿತಿದ್ದು ರುಜುಮಾಡಲು ಒಪ್ಪದವರು. ಒಪ್ಪದವರಿಗೂ ಪ್ರತಿಮೆಯನ್ನು ನಿಲ್ಲಿಸಿದ ಆ ಮನೋಧರ್ಮವೇ ೨೦೧೫ರಲ್ಲಿ ಅದು ಅಂತರ್ಜಾಲದಲ್ಲಿ ತೆರೆದ ಸವ್ಯಾಖ್ಯಾನ ಸಂವಿಧಾನದಲ್ಲಿಯೂ ಕಾಣುತ್ತದೆ. ಇಲ್ಲಿ ಸಂವಿಧಾನದ ಒಂದೊಂದು ಖಂಡಕ್ಕೂ ಭಿನ್ನಮತಗಳ ಇಬ್ಬರು ವಿದ್ವಾಂಸರನ್ನು ನಿಯಮಿಸಿದ್ದಾರೆ. ಸಂಪ್ರದಾಯ ಪಕ್ಷದ ನ್ಯಾಯವಾದಿಗಳ ಸಂಘವೂ ಉದಾರ ಪಕ್ಷದವರ ಸಂಘವೂ ಇವರನ್ನು ಸೂಚಿಸಿ ಕೊಟ್ಟಿವೆ. ಇಬ್ಬರೂ ಕೂಡಿ ತಮಗೆ ಒಪ್ಪಿಗೆಯಾದ ಅರ್ಥವನ್ನು ಮೊದಲು ಒಂದೇ ಲೇಖನವಾಗಿ ಬರೆಯುವರು. ಆ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಮತವನ್ನು ಬೇರೆಯಾಗಿ ಹೇಳುವರು.

ಒಂದೇ ಸೂತ್ರಕ್ಕೆ ಶಂಕರ, ರಾಮಾನುಜ, ಮಧ್ವರ ಭಾಷ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಪದ್ಧತಿಯುಳ್ಳ ನಾಡಿನವರಿಗೆ ಇದು ಬೆರಗೆನಿಸದು. ಆದರೆ ಒಂದು ಭೇದವುಂಟು. ನಮ್ಮ ಭಾಷ್ಯಗಳಲ್ಲಿ ಪೂರ್ವಪಕ್ಷವನ್ನು ಹೇಳುವವನು ಸಿದ್ಧಾಂತಿಯೇ. ಎದುರಾಳಿಯ ಮಾತು ಅವನನ್ನು ಖಂಡಿಸುವವನ ಬಾಯಿಂದ ಬರುತ್ತದೆ. ಇಲ್ಲಿ ಎದುರಾಳಿಯೇ ಬಂದು ತನ್ನ ಮಾತನ್ನು ತಾನೇ ಹೇಳುತ್ತಾನೆ. ಅದಕ್ಕಿಂತಲೂ ಕಷ್ಟವಾಗಿ, ಎದುರಾಳಿಯೊಡನೆ ಕೂತು ಎಲ್ಲಿಯವರೆಗೆ ಒಮ್ಮತವಿದೆಯೆಂಬುದನ್ನು ಗೆರೆಯೆಳೆದು ತೋರಿಸಬೇಕಾಗುತ್ತದೆ.

ಎರಡನೆಯ ತಿದ್ದುಪಡಿಯನ್ನು ತೆಗೆದುಕೊಳ್ಳಬಹುದು. ೧೭೯೧ರಲ್ಲಿ ಅಂಗೀಕೃತವಾದ ಇದು ಒಂದೇ ವಾಕ್ಯ. ಅದರ ಮೊದಲ ಭಾಗವು ಸ್ವತಂತ್ರವಾದ ರಾಜ್ಯದ ರಕ್ಷಣೆಗೆ ಶಿಸ್ತುಳ್ಳ ಜನಸೇನೆಯ ಅವಶ್ಯಕತೆಯನ್ನು ಹೇಳುತ್ತದೆ. ಎರಡನೆಯ ಭಾಗವು ಜನರಿಗೆ ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕನ್ನು ಮುರಿಯಕೂಡದೆಂದು ವಿಧಿಸುತ್ತದೆ. ಮೊದಲ ಭಾಗದ ರಚನೆಯು ಸಂಸ್ಕೃತದ ಸತಿ ಸಪ್ತಮಿಯನ್ನು ಹೋಲುತ್ತದೆ. ಮುಖ್ಯವಾಕ್ಯದೊಡನೆ ಅದಕ್ಕೆ ಸಂಬಂಧವುಂಟು. ಎಂತಹ ಸಂಬಂಧವೆಂಬುದನ್ನು ವ್ಯಾಕರಣವು ಹೇಳುವುದಿಲ್ಲ. ಕನ್ನಡಕ್ಕೆ ತರುವವನು ಇಲ್ಲಿ ನಿಂತುಬಿಡಬೇಕಾಗುತ್ತದೆ. ‘ಅವಶ್ಯವಾಗಿರುವುದರಿಂದ’ ಎಂದರೆ ಅದು ಕಾರಣ ಮಾತ್ರವಾಗಿ, ಹಕ್ಕು ತನ್ನಷ್ಟಕ್ಕೆ ನಿಲ್ಲುವುದು. ‘ಅವಶ್ಯವಾಗಿರುವ ಮಟ್ಟಿಗೆ’ ಎಂದರೆ ಅದು ಮೇರೆಯಾಗಿ, ಹಕ್ಕು ಜನಸೇನೆಗೆ ಕಟ್ಟುಬೀಳುವುದು. ೨೦೦೮ರ ಹೆಲ್ಲರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಐವರು ಮೊದಲನೆಯ ಬಗೆಯಾಗಿಯೂ, ನಾಲ್ವರು ಸ್ಥೂಲವಾಗಿ ಎರಡನೆಯ ಬಗೆಯಾಗಿಯೂ ಓದಿದರು. ಒಂದು ಕೃದಂತದ ಅನ್ವಯದ ಮೇಲೆ ಮನುಷ್ಯರ ಸಾವುಬದುಕುಗಳು ನಿಂತಿರುವುದನ್ನು ಕಂಡ ವಿದ್ಯಾರ್ಥಿಗೆ ವ್ಯಾಕರಣವು ಬರಿಯ ಉರುಹೊಡೆಯುವ ವಿಷಯವಾಗಿ ಉಳಿಯಲಾರದು. ಪೌರನೀತಿಯನ್ನು ಭಾಷೋಪಾಧ್ಯಾಯರಿಗೂ ಒಪ್ಪಿಸಬಹುದೆಂಬುದಕ್ಕೆ ಇದಕ್ಕಿಂತ ಬಲವಾದ ವಾದವು ದೊರೆಯುವುದು ಕಷ್ಟ.

ಈ ಕ್ರಮಕ್ಕೆ ಒಂದು ಆಕ್ಷೇಪವುಂಟು; ಅದನ್ನು ತಳ್ಳಿಹಾಕುವಂತಿಲ್ಲ. ಎಲ್ಲದಕ್ಕೂ ಎರಡು ಪಕ್ಷಗಳೆಂದು ಕಲಿತ ಹುಡುಗನು ಎರಡು ಪಕ್ಷಗಳಿಲ್ಲದ ಸಂಗತಿಗಳಿಗೂ ಎರಡನ್ನು ಕಲ್ಪಿಸಿಕೊಂಡಾನು. ೧೭೮೭ರ ಮೂಲಪಾಠದಲ್ಲಿ ಪ್ರತಿನಿಧಿಗಳ ಸಂಖ್ಯೆಯನ್ನು ಲೆಕ್ಕಹಾಕುವಾಗ ಸ್ವತಂತ್ರರಲ್ಲದವರಲ್ಲಿ ಐದರಲ್ಲಿ ಮೂರು ಪಾಲನ್ನು ಎಣಿಕೆಗೆ ತೆಗೆದುಕೊಳ್ಳಬೇಕೆಂಬ ವಿಧಿಯಿತ್ತು. ಗುಲಾಮನೆಂಬ ಶಬ್ದವನ್ನು ಮಾತ್ರ ಇಡೀ ಪತ್ರದಲ್ಲಿ ಎಲ್ಲಿಯೂ ಬಳಸದಂತೆ ಜಾಗರೂಕತೆ ವಹಿಸಿದ್ದರು. ಅದರ ಅರ್ಥದಲ್ಲಿ ವಿದ್ವಾಂಸರ ಚರ್ಚೆಗೆ ಅವಕಾಶವಿದೆ. ಗುಲಾಮಗಿರಿಯು ಸರಿಯೋ ತಪ್ಪೋ ಎಂಬುದರಲ್ಲಿ ಅವಕಾಶವಿಲ್ಲ. ಪಾಠಕ್ಕೆ ಭಾಷ್ಯಗಳು ಎರಡಾಗಬಹುದು, ಸಂಗತಿಯು ಎರಡಾಗಲಾರದೆಂಬ ವಿವೇಕವನ್ನು ಪರದೆಯು ತಾನಾಗಿ ಕೊಡಲಾರದು. ಅದಕ್ಕೆ ತರಗತಿಯಲ್ಲಿ ಒಬ್ಬ ಉಪಾಧ್ಯಾಯನು ಬೇಕು.

ಸಂಗತಿಯನ್ನು ಕಂಡುಕೊಳ್ಳುವುದೂ ಸುಲಭವಲ್ಲ. ೧೯೬೦ರ ಫೆಬ್ರವರಿ ೧ರಂದು ಉತ್ತರ ಕ್ಯಾರೊಲೈನದ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ಕರಿಯ ಜನಾಂಗದ ನಾಲ್ವರು ಕಾಲೇಜು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಉಪಾಹಾರದ ಕೌಂಟರಿನಲ್ಲಿ, ಬಿಳಿಯರಿಗೆಂದೇ ಮೀಸಲಾದ ಸ್ಟೂಲುಗಳ ಮೇಲೆ ಕುಳಿತರು, ಬಡಿಸದಿದ್ದರೂ ಏಳಲಿಲ್ಲ. ಆ ವರ್ಷದ ಜುಲೈ ತಿಂಗಳಿನಲ್ಲಿ ಅಂಗಡಿಯು ಎಲ್ಲರಿಗೂ ಬಡಿಸಲು ಒಪ್ಪಿತು. ೧೯೯೩ರಲ್ಲಿ ಅಂಗಡಿಯು ಮುಚ್ಚಿದಾಗ ಆ ಕೌಂಟರಿನ ಒಂದು ಭಾಗವೂ ನಾಲ್ಕು ಸ್ಟೂಲುಗಳೂ ವಾಷಿಂಗ್‌ಟನ್ನಿನ ಇತಿಹಾಸ ಸಂಗ್ರಹಾಲಯಕ್ಕೆ ಬಂದುವು. ಈ ಪಾಠದೊಡನೆ ಬಹುಮಟ್ಟಿಗೆ ಬರುವ ಛಾಯಾಚಿತ್ರವೊಂದಿದೆ. ಕೌಂಟರಿನಲ್ಲಿ ನಾಲ್ವರು ತರುಣರು ಕುಳಿತು ಹಿಂದಿರುಗಿ ನೋಡುತ್ತಿದ್ದಾರೆ. ಇವರೇ ಆ ನಾಲ್ವರೆಂದು ನೋಡಿದವರು ತಿಳಿಯುವುದು ಸಹಜ. ಚಿತ್ರವು ಎರಡನೆಯ ದಿನದ್ದು. ಮೊದಲ ದಿನದ ನಾಲ್ವರಲ್ಲಿ ಜೋಸೆಫ್ ಮೆಕ್‌ನೀಲ್ ಮತ್ತು ಫ್ರಾಂಕ್ಲಿನ್ ಮೆಕ್‌ಕೇನ್ ಇಬ್ಬರೇ ಅದರಲ್ಲಿರುವವರು, ಉಳಿದ ಇಬ್ಬರು ಮಾರನೆಯ ದಿನ ಬಂದು ಸೇರಿದವರು. ಸ್ಟೂಲುಗಳು ನಾಲ್ಕು, ಕಥೆಯಲ್ಲಿ ನಾಲ್ವರು, ಚಿತ್ರದಲ್ಲಿ ನಾಲ್ವರು. ಈ ಸಂಖ್ಯಾಸಾಮ್ಯವು ಕಣ್ಣನ್ನು ಮೋಸಗೊಳಿಸುತ್ತದೆ. ತಪ್ಪನ್ನು ತಿದ್ದಿಕೊಂಡಾಗ ಸಿಕ್ಕುವ ಅರ್ಥವು ಹೆಚ್ಚಿನದು. ಮೊದಲ ದಿನ ಕುಳಿತವರ ಧೈರ್ಯ ಎಷ್ಟು ದೊಡ್ಡದೋ, ಅದರ ಫಲವನ್ನು ಕಾಣದೆಯೇ ಎರಡನೆಯ ದಿನ ಬಂದು ಕುಳಿತವರದೂ ಅಷ್ಟೇ ದೊಡ್ಡದು. ಚಳವಳಿಯಾಗುವುದು ಎರಡನೆಯ ದಿನದಿಂದ.

ದೂರಪಾಠದಲ್ಲಿ ಕಳೆದುಹೋಗುವುದೂ ಇದೆ. ಅದೇ ಸಂಗ್ರಹಾಲಯದಲ್ಲಿ ಮೇರಿ ಪಿಕರ್ಸ್‌ಗಿಲ್ ಎಂಬಾಕೆ ೧೮೧೩ರಲ್ಲಿ ಬಾಲ್ಟಿಮೋರಿನಲ್ಲಿ ಹೊಲಿದುಕೊಟ್ಟ ಧ್ವಜವಿದೆ. ೧೮೧೪ರ ಸೆಪ್ಟೆಂಬರಿನಲ್ಲಿ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿ ರಾಷ್ಟ್ರಗೀತೆಗೆ ಕಾರಣವಾದುದು ಇದೇ. ಮೊದಲು ೪೨ ಅಡಿ ಉದ್ದ, ೩೦ ಅಡಿ ಅಗಲವಾಗಿದ್ದುದು ಈಗ ಉದ್ದದಲ್ಲಿ ೩೪ ಅಡಿಯಷ್ಟೇ ಉಳಿದಿದೆ. ಉಳಿದುದನ್ನು ಶತ್ರುಗಳ ಗುಂಡು ಒಯ್ಯಲಿಲ್ಲ. ಕೋಟೆಯ ದಳಪತಿಯ ಮನೆಯವರು ಬೇಡಿದವರಿಗೆಲ್ಲ ನೆನಪಿನ ಕಾಣಿಕೆಯಾಗಿ ಚೂರುಚೂರಾಗಿ ಕತ್ತರಿಸಿ ಕೊಟ್ಟರು. ಹದಿನೈದು ನಕ್ಷತ್ರಗಳಲ್ಲಿ ಒಂದು ಹೀಗೆಯೇ ಹೋಯಿತು. ಮಬ್ಬುಬೆಳಕಿನ ಆ ಕೋಣೆಯಲ್ಲಿ ನಿಂತವನ ಮೈಗೆ ತಟ್ಟುವ ಗಾತ್ರವನ್ನು ಅಂಗೈಯಗಲದ ಪರದೆಯು ಕೊಡಲಾರದು. ಆದರೆ ನೇಯ್ಗೆಯ ಎಳೆಗಳನ್ನೂ ತೇಪೆಗಳನ್ನೂ ದೊಡ್ಡದು ಮಾಡಿ ತೋರಿಸುವುದರಲ್ಲಿ ಪರದೆಯೇ ಮೇಲು. ಕೋಣೆಯಲ್ಲಿ ನಿಂತವನು ಅಷ್ಟು ಹತ್ತಿರಕ್ಕೆ ಹೋಗಲಾರನು.

ಇಲ್ಲಿಯವರೆಗೆ ಮೂಲದ ಮಾತಾಯಿತು. ವಸ್ತುವಿನ ಕೆಳಗಣ ಫಲಕವನ್ನು ಬರೆಯುವವರಾರು, ಅದು ಬದಲಾದಾಗ ತಿಳಿಯುವುದು ಹೇಗೆ ಎಂಬ ಪ್ರಶ್ನೆಯು ಈಚೆಗೆ ತೀವ್ರವಾಗಿ ಎದ್ದಿದೆ. ಇತಿಹಾಸ ಸಂಗ್ರಹಾಲಯದಲ್ಲಿ ಅಧ್ಯಕ್ಷ ಪದವಿಯನ್ನು ಕುರಿತ ಪ್ರದರ್ಶನವೊಂದಿದೆ. ಅಧ್ಯಕ್ಷರ ಮೇಲೆ ನಡೆದ ಮಹಾಭಿಯೋಗಗಳ ಭಾಗದಲ್ಲಿ, ಡೊನಾಲ್ಡ್ ಟ್ರಂಪರ ಮೇಲಣ ಎರಡು ಅಭಿಯೋಗಗಳನ್ನು ಹೇಳುವ ತಾತ್ಕಾಲಿಕ ಫಲಕವೊಂದನ್ನು ೨೦೨೧ರ ಸೆಪ್ಟೆಂಬರಿನಲ್ಲಿ ಸೇರಿಸಿದ್ದರು. ೨೦೨೫ರ ಮಾರ್ಚಿ ೨೭ರಂದು ಅಧ್ಯಕ್ಷರ ಆಜ್ಞೆಯೊಂದು ಸ್ಮಿಥ್ಸೋನಿಯನ್ ಸಂಗ್ರಹಾಲಯಗಳ ಪ್ರದರ್ಶನಗಳಲ್ಲಿ ದೇಶವನ್ನು ಹಳಿಯುವ ವಿಚಾರಗಳು ಸೇರಿವೆಯೆಂದು ಆಪಾದಿಸಿ ಅವನ್ನು ತೆಗೆಯಬೇಕೆಂದು ವಿಧಿಸಿತು. ಜುಲೈ ತಿಂಗಳಿನಲ್ಲಿ ಆ ಫಲಕವು ಇಲ್ಲವಾದುದು ಪತ್ರಿಕೆಗಳಲ್ಲಿ ಬಂದಿತು. ನೋಟದಲ್ಲಿಯೂ ಸ್ಥಾನದಲ್ಲಿಯೂ ಅದು ಉಳಿದ ಪ್ರದರ್ಶನಕ್ಕೆ ಹೊಂದುತ್ತಿರಲಿಲ್ಲವೆಂದು ಸಂಸ್ಥೆಯು ಸಮಾಧಾನ ಹೇಳಿತು. ಆಗಸ್ಟಿನಲ್ಲಿ ಆ ಅಭಿಯೋಗಗಳ ವಿಷಯವನ್ನು ಸ್ವಲ್ಪ ಮಾತುಗಳನ್ನು ಬದಲಿಸಿ ಮತ್ತೆ ಸೇರಿಸಿತು. ಅದೇ ತಿಂಗಳಿನಲ್ಲಿ ಎಂಟು ಸಂಗ್ರಹಾಲಯಗಳ ಪ್ರದರ್ಶನಗಳನ್ನೂ ಬೋಧನಸಾಮಗ್ರಿಗಳನ್ನೂ ಪರಿಶೀಲಿಸುವುದಾಗಿ ಅಧ್ಯಕ್ಷರ ಕಛೇರಿಯು ತಿಳಿಸಿತು.

ಗೋಡೆಯ ಮೇಲಿನ ಫಲಕವು ಹೋದರೆ ಗೋಡೆಯಲ್ಲಿ ಬರಿದಾದ ಜಾಗವಾದರೂ ಉಳಿದೀತು. ದಿನವೂ ನೋಡುವವರು ಗುರುತಿಸಿಯಾರು. ಅಂತರ್ಜಾಲದ ಪುಟದಲ್ಲಿ ಮಾತು ಬದಲಾದರೆ ಹಿಂದಿನ ಮಾತಿನ ಕಲೆಯೂ ಉಳಿಯುವುದಿಲ್ಲ. ಜೆಫರ್ಸನ್ನನು ಒರಸಿದ ಮಾತು ೨೩೪ ವರ್ಷಗಳ ಮೇಲೆ ಓದಲು ಬಂದು ಕೈಗೆ ಸಿಕ್ಕಿದುದು ಕಾಗದವೂ ಮಸಿಯೂ ಅದನ್ನು ಇಟ್ಟುಕೊಂಡಿದ್ದುದರಿಂದ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಗ್ರಂಥಸಂಪಾದಕನ ಧರ್ಮವೆಂದು ನಮ್ಮ ವಿದ್ವಾಂಸರು ಒಂದು ಶತಮಾನದಿಂದ ಹೇಳುತ್ತ ಬಂದಿದ್ದಾರೆ. ಸಂಗ್ರಹಾಲಯಗಳ ಪುಟಗಳು ಈ ಧರ್ಮಕ್ಕೆ ಇನ್ನೂ ಬಂದಿಲ್ಲ. ರಾಷ್ಟ್ರೀಯ ದಫ್ತರಖಾನೆಯು ಮಕ್ಕಳಿಗಾಗಿ ಅಚ್ಚುಮಾಡಿರುವ ಪ್ರಶ್ನಾವಳಿಯು ಯಾವ ಪತ್ರವನ್ನು ಕಂಡರೂ ಅದನ್ನು ಬರೆದವರಾರು, ಯಾವಾಗ, ಯಾರು ಓದಲೆಂದು ಬರೆದರು ಎಂದು ಕೇಳಿಸುತ್ತದೆ. ಈ ಮೂರು ಪ್ರಶ್ನೆಗಳನ್ನು ೧೯೪೨ರ ಪ್ರಕಟನಪತ್ರಕ್ಕೆ ಹಾಕಿದ ಹುಡುಗನು ಅದರ ಪಕ್ಕದ ವಿವರಣಫಲಕಕ್ಕೂ ಹಾಕಬಹುದು. ಉಪಾಧ್ಯಾಯನು ಪಾಠಕ್ಕೆ ಬಳಸಿದ ಪುಟದ ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆದು, ಅದರ ಮೂಲೆಯಲ್ಲಿ ಆ ದಿನದ ತಾರೀಖನ್ನು ಬರೆದಿಟ್ಟುಕೊಂಡರೆ, ಮುಂದಿನ ವರ್ಷದ ತರಗತಿಗೆ ಹೋಲಿಸಿ ನೋಡಲು ಎರಡು ಪಾಠಗಳಾದರೂ ದೊರೆಯುವುವು.